ಅಕ್ಕ ಪರದೆಯ ಮೇಲೆ ಕಟ್ಟಿದ ಮನೆ

ಭಾವ ತೀರಿಕೊಂಡ ಮೇಲೆ ಅಕ್ಕ ಮೊದಲು ನಮ್ಮೂರು ಕೊಹಿನೂರಿಗೆ, ಅವ್ವನ ಮನೆಗೆ ಬಂದಳು. ಅಲ್ಲಿ ಅವಳಿಗೆ ಉಸಿರಾಡಲು ಬಿಡದಷ್ಟು ಜನ. ದಿನಾ ಯಾರಾದರೊಬ್ಬರು ಬಂದು, ಅವಳ ಎದುರು ಕೂತು, ಅದೇ ಸಂಗತಿಯನ್ನು ಮೊದಲಿನಿಂದ ಹೇಳಿಸಿ, ಚಹಾ ಕುಡಿದು ಹೋಗುತ್ತಿದ್ದರು. ಬಸವಕಲ್ಯಾಣದ ಮಾರ್ಕೆಟ್ಟಿನಲ್ಲಿ ತಮ್ಮನ ಜೊತೆ ಕಿರಾಣಿ ಅಂಗಡಿ ನಡೆಸುತ್ತಿದ್ದ ಭಾವ ಒಂದು ಮಧ್ಯಾಹ್ನ ಗಿರಾಕಿಗೆ ತೊಗರಿಬೇಳೆ ತೂಗಿ ಕೊಡುತ್ತಲೇ ಎದೆ ಹಿಡಿದುಕೊಂಡು ಕುಸಿದಿದ್ದರು. ಅಷ್ಟೇ. ಅದರಲ್ಲಿ ಹೇಳುವುದಕ್ಕೆ ಮತ್ತೇನೂ ಇರಲಿಲ್ಲ. ಆದರೂ ಬಂದವರಿಗೆ ಇನ್ನೂ ಏನೋ ಬೇಕಾಗಿರುತ್ತಿತ್ತು. ಒಂದು ಭಾನುವಾರ ನಾನು ಹೋದಾಗ ಅಕ್ಕ ಬಚ್ಚಲಿನ ಬಾಗಿಲು ಹಾಕಿಕೊಂಡು ಒಳಗೆ ಸುಮ್ಮನೆ ನಿಂತಿದ್ದಳು. ಆ ಮನೆಯಲ್ಲಿ ಯಾರೂ ಮಾತಾಡಿಸದ ಜಾಗ ಅದೊಂದೇ ಆಗಿತ್ತು.

ಅವತ್ತೇ ಸಂಜೆ ಅವಳನ್ನು ಹುಮನಾಬಾದಿಗೆ ಕರೆದುಕೊಂಡು ಬಂದೆ.

ನಾನು ಅವಳ ತಂಗಿ, ಹುಮನಾಬಾದಿನ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಪಾಠ ಹೇಳುತ್ತೇನೆ. ಮದುವೆಯಾಗಿಲ್ಲ. ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಬೇಸಿಗೆಯಲ್ಲಿ ಸಂಜೆ ಏಳಾದರೂ ಅದರ ಗೋಡೆ ಮುಟ್ಟಿದರೆ ಕೈ ಸುಡುತ್ತದೆ. ಅಕ್ಕ ಬಂದ ಮೇಲೆ ಮನೆ ಚೊಕ್ಕಟವಾಯಿತು, ರೊಟ್ಟಿ ಬಿಸಿಯಾಗಿ ಸಿಗತೊಡಗಿತು. ಆದರೆ ಅಕ್ಕ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ‘ಹೂಂ’, ‘ಇಲ್ಲ’, ‘ಆಯ್ತು’. ನಾನೂ ಒತ್ತಾಯ ಮಾಡಲಿಲ್ಲ. ಮಾತು ಸಾಕಾಗಿ ಬಂದವಳು ಅವಳು.

ನನಗೊಂದು ಹವ್ಯಾಸ ಇತ್ತು. ಲ್ಯಾಪ್‌ಟಾಪಿನಲ್ಲಿ ಬದುಕಿನ ಆಟ ಆಡುವುದು. ಅದರಲ್ಲಿ ಸೋಲು ಗೆಲುವು ಇಲ್ಲ, ಗುಂಡು ಹಾರಿಸುವುದಿಲ್ಲ. ಮನುಷ್ಯರನ್ನು ನಾವೇ ಮಾಡಬೇಕು, ಅವರಿಗೆ ಮುಖ, ಬಟ್ಟೆ, ಸ್ವಭಾವ ಕೊಡಬೇಕು, ಖಾಲಿ ಜಾಗದಲ್ಲಿ ಮನೆ ಕಟ್ಟಿಕೊಡಬೇಕು. ಆಮೇಲೆ ಅವರು ತಮ್ಮಷ್ಟಕ್ಕೆ ತಾವು ಅಡಿಗೆ ಮಾಡುತ್ತಾರೆ, ಕೆಲಸಕ್ಕೆ ಹೋಗುತ್ತಾರೆ, ಜಗಳ ಆಡುತ್ತಾರೆ, ನಿದ್ದೆ ಮಾಡುತ್ತಾರೆ, ಮುದುಕರಾಗುತ್ತಾರೆ. ನನಗೆ ಅವರ ಸಂಸಾರದಲ್ಲಿ ಆಸಕ್ತಿ ಕಡಿಮೆ. ಮನೆ ಕಟ್ಟುವುದಷ್ಟೇ ನನ್ನ ಖುಷಿ. ಅದರಲ್ಲೂ ಪರಿಸರಕ್ಕೆ ಹೊಂದುವ ಮನೆ ಕಟ್ಟುವ ಭಾಗ ಒಂದು ಬಂದಿತ್ತು. ಸೂರ್ಯನ ಬೆಳಕಿನಿಂದ ಕರೆಂಟು, ಛಾವಣಿಯ ಮೇಲೆ ಗಾಳಿಗೆ ತಿರುಗಿ ಕರೆಂಟು ಕೊಡುವ ಫ್ಯಾನು, ಮಳೆನೀರಿನ ಪೀಪಾಯಿ, ಕಸದಿಂದ ಗೊಬ್ಬರ. ಮನೆ ಹಸಿರಾದಷ್ಟೂ ಪರದೆಯ ಮೂಲೆಯಲ್ಲಿ ಒಂದು ಎಲೆ ತುಂಬುತ್ತಾ ಬರುತ್ತದೆ, ಓಣಿಯ ಹೊಗೆ ಸರಿದು ಆಕಾಶ ತಿಳಿಯಾಗುತ್ತದೆ.

ಒಂದು ಸಂಜೆ ನಾನು ಹಾಗೇ ಒಂದು ಮನೆ ಕಟ್ಟುತ್ತಾ ಕೂತಿದ್ದೆ. ನಾಲ್ಕೂ ಕಡೆ ಗಾಜು, ಮೇಲೆ ಸಾಲಾಗಿ ಸೋಲಾರ್ ಫಲಕ. ಎಲೆ ಪೂರ್ತಿ ತುಂಬಿತ್ತು. ಅಕ್ಕ ಹಿಟ್ಟು ನಾದಿದ ಕೈಯಲ್ಲೇ ಹಿಂದೆ ಬಂದು ನಿಂತಿದ್ದು ನನಗೆ ಗೊತ್ತಾಗಲಿಲ್ಲ.

"ಈ ಗಾಜಿನ ಮನ್ಯಾಗ ಯಾರ ಇರ್ತಾರ?" ಅಂದಳು. "ಬ್ಯಾಸಗ್ಯಾಗ ಬೆಂದು ಹೋಗ್ತಾರಲ್ಲ."

"ಆಟದಾಗ ಬಿಸಲ ಹತ್ತಂಗಿಲ್ಲ ಅಕ್ಕಾ."

"ಬಿಸಲ ಹತ್ತಂಗಿಲ್ಲಂದ್ರ ಮನಿ ಯಾಕ ಬೇಕು?"

ನನಗೆ ನಗು ಬಂತು. ಅದಕ್ಕಿಂತ ಹೆಚ್ಚಾಗಿ, ಅವಳು ತಾನಾಗಿ ಅಷ್ಟು ಮಾತಾಡಿದ್ದು ನನ್ನ ಮನೆಗೆ ಬಂದ ಮೇಲೆ ಅದೇ ಮೊದಲು. ನಾನು ಎದ್ದು ಕುರ್ಚಿ ಬಿಟ್ಟುಕೊಟ್ಟೆ. "ಹಂಗಾದ್ರ ನೀನೇ ಒಂದ ಕಟ್ಟು ನೋಡೂಣು."

"ನನಗೇನ ಬರ್ತದ ಇದು?"

"ಕೈ ತೊಳ್ಕೊಂಡ ಬಾ. ಹೇಳಿಕೊಡ್ತೇನಿ."

ದಿನಾ ಹುಡುಗರಿಗೆ ಮೌಸ್ ಹಿಡಿಯುವುದನ್ನು ಕಲಿಸುವ ಕೆಲಸ ನನ್ನದು. ಅಕ್ಕ ಅವರೆಲ್ಲರಿಗಿಂತ ಬೇಗ ಕಲಿತಳು. ಹೊಲಿಗೆ ಯಂತ್ರದ ಸೂಜಿಯ ಕೆಳಗೆ ಬಟ್ಟೆ ಸರಿಸಿದ ಕೈ ಅದು, ಗೆರೆ ತಪ್ಪುತ್ತಿರಲಿಲ್ಲ. ಆಟ ಅವಳಿಗೆ ಕೊಟ್ಟ ಖಾಲಿ ಜಾಗದ ನಡುವೆ ಒಂದು ಮರ ಇತ್ತು. ಎಲ್ಲರೂ ಮೊದಲು ಅದನ್ನು ಅಳಿಸಿ ಹಾಕುತ್ತಾರೆ. ಅಕ್ಕ ಅಳಿಸಲಿಲ್ಲ. ಮರದ ಸುತ್ತ ಅಂಗಳ ಬಿಟ್ಟುಕೊಂಡು ಅದರ ಎರಡು ಕಡೆ ಕೋಣೆ ಎಬ್ಬಿಸಿದಳು. ಗೋಡೆ ತೆಳ್ಳಗಾಯಿತು ಅಂತ ಅದರ ಬೆನ್ನಿಗೇ ಇನ್ನೊಂದು ಗೋಡೆ ನಿಲ್ಲಿಸಿದಳು. ದಪ್ಪ ಗೋಡೆಗೆ ಆ ಆಟದಲ್ಲಿ ಏನೂ ಲಾಭ ಇಲ್ಲ, ಎಲೆ ಒಂದಿಷ್ಟೂ ತುಂಬುವುದಿಲ್ಲ ಎಂದು ನಾನು ಹೇಳಿದರೆ, "ಅದಕ್ಕ ತಿಳಿಯಂಗಿಲ್ಲ, ಬಿಡು" ಅಂದಳು. ಆಟವೇ ದಡ್ಡ ಎಂಬ ಹಾಗೆ.

ಮಳೆನೀರಿನ ಪೀಪಾಯಿ ಮಾತ್ರ ಅವಳಿಗೆ ಬಹಳ ಹಿಡಿಸಿತು. ಛಾವಣಿಯ ನೀರು ಪೀಪಾಯಿಗೆ, ಪೀಪಾಯಿಯ ನೀರು ಪಲ್ಯದ ಮಡಿಗೆ. ಬಚ್ಚಲಿನ ನೀರು ಗಿಡಕ್ಕೆ ಹೋಗುವ ಉಪಾಯ ಆಟದಲ್ಲಿ ಇರಲಿಲ್ಲ. ಅದಕ್ಕೆ ಎರಡು ದಿನ ಬೇಜಾರು ಮಾಡಿಕೊಂಡಳು. "ಕಲ್ಯಾಣದಾಗ ನಮ್ಮ ಬಚ್ಚಲ ನೀರೆಲ್ಲ ಬಾಳಿಗಿಡಕ್ಕೇ ಹೋಗ್ತದ. ಅತ್ತಿ ಒಂದ ಹನಿ ಗಟಾರಕ್ಕ ಬಿಡಂಗಿಲ್ಲ" ಅಂದಳು. ಅತ್ತೆಯ ಹೆಸರು ಅವಳ ಬಾಯಲ್ಲಿ ಬಂದದ್ದೂ ಅದೇ ಮೊದಲು.

ಅಡಿಗೆಮನೆಗೆ ಕಿಟಕಿ ಇಡುವಾಗ ಅದನ್ನು ಕೆಳಗೆ ಕೆಳಗೆ ಎಳೆಯುತ್ತಾ ಹೋದಳು. ಮೊಣಕಾಲಿನ ಮಟ್ಟಕ್ಕೆ ತಂದು ನಿಲ್ಲಿಸಿದಳು.

"ಇಷ್ಟ ತಗ್ಗಿನ್ಯಾಗ ಯಾಕ? ನಿಂತ್ರ ಗ್ವಾಡಿನೇ ಕಾಣ್ತದಲ್ಲ."

"ಕುಂತ ಮ್ಯಾಲ ಅಂಗಳ ಕಾಣಬೇಕು. ಮೊಣಕಾಲ ನೋಯುವವರು ನಿಂತ ಅಡಿಗಿ ಮಾಡಂಗಿಲ್ಲ."

ಅಕ್ಕನ ಮೊಣಕಾಲು ಗಟ್ಟಿಯಾಗಿಯೇ ಇತ್ತು.

ಮನೆ ಮುಗಿದ ಮೇಲೆ ಅದರಲ್ಲಿ ಇರಲು ಮನುಷ್ಯರು ಬೇಕಲ್ಲ. ಅಕ್ಕ ಮೊದಲು ತನ್ನನ್ನು ಮಾಡಿಕೊಂಡಳು. ಉದ್ದ ಜಡೆ, ಹಳದಿ ಬಟ್ಟೆ. ನಾನು ಹೆದರುತ್ತಲೇ ಕೇಳಿದೆ, "ಭಾವಗ ಮಾಡಂಗಿಲ್ಲೇನ?"

ಅವಳು ಮೌಸಿನಿಂದ ಕೈ ತೆಗೆದಳು. "ಬ್ಯಾಡ. ಮುಖ ಬರೋಬ್ಬರಿ ಬರಲಿಲ್ಲಂದ್ರ?" ಅಂದಳು.

ಆಮೇಲೆ ಒಬ್ಬ ಮುದುಕಿಯನ್ನು ಮಾಡತೊಡಗಿದಳು. ಅದಕ್ಕೆ ಮೂರು ಸಂಜೆ ಹಿಡಿಯಿತು. ಗಲ್ಲ ಸ್ವಲ್ಪ ಒಳಗೆ, ಮೂಗು ಸ್ವಲ್ಪ ಮುಂದೆ, ತಲೆಯ ಹಿಂದೆ ಬಿಳಿ ಕೂದಲಿನ ಗಂಟು. ಆಟದಲ್ಲಿ ವಿಭೂತಿ ಇರಲಿಲ್ಲ, ಹಣೆ ಖಾಲಿ ಉಳಿಯಿತು ಎಂದು ನೊಂದುಕೊಂಡಳು. ಸ್ವಭಾವ ಆರಿಸುವ ಜಾಗದಲ್ಲಿ ‘ಸಿಡುಕು’ ಎನ್ನುವುದನ್ನೂ ‘ತೋಟದ ಹುಚ್ಚು’ ಎನ್ನುವುದನ್ನೂ ಒತ್ತಿದಳು. ನಾನು ನಕ್ಕೆ. ಯಾರು ಎಂದು ಕೇಳುವ ಅಗತ್ಯ ಇರಲಿಲ್ಲ.

"ಅತ್ತಿಯವರಿಗಿ ಸಿಡುಕಿ ಮಾಡಿದಿ?"

"ಅವರು ಹಂಗೇ ಅದಾರ" ಅಂದಳು ಅಕ್ಕ. ಅವಳೂ ನಗುತ್ತಿದ್ದಳು.

ಆ ರಾತ್ರಿ ಊಟ ಮಾಡುವಾಗ ಅವಳೇ ಹೇಳಿದಳು. ಕಲ್ಯಾಣದಿಂದ ಅವ್ವ ಅವಳನ್ನು ಕರೆದೊಯ್ಯಲು ಬಂದ ದಿನ, ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರಂತೆ. ಒಂದು ಮಾತು ಆಡಲಿಲ್ಲ. ‘ಹೋಗಬ್ಯಾಡ’ ಅನ್ನಲಿಲ್ಲ, ‘ಹೋಗಿ ಬಾ’ ಅಂತಲೂ ಅನ್ನಲಿಲ್ಲ. ಆಟೋ ಹೊರಡುವ ಮೊದಲೇ ಒಳಗೆ ಹೋಗಿಬಿಟ್ಟರಂತೆ. "ಮಗನೇ ಇಲ್ಲಂದ ಮ್ಯಾಲ ನನಗ ಇಟ್ಕೊಂಡ ಏನ ಮಾಡ್ತಾರ" ಎಂದು ಅಕ್ಕ ತಟ್ಟೆಯಲ್ಲಿ ಬೆರಳಾಡಿಸಿದಳು. ಅಲ್ಲಿಂದ ಫೋನು ಬರುತ್ತಿತ್ತು, ಆದರೆ ಅದು ಮೈದುನನದು. ಅತ್ತೆಗೆ ಫೋನು ಒತ್ತಲು ಬರುತ್ತಿರಲಿಲ್ಲ. ಅಕ್ಕ ಮಾತ್ರ, ಅತ್ತೆಗೆ ತಾನು ಬೇಡವಾದೆ ಎಂದೇ ತಿಳಿದುಕೊಂಡಿದ್ದಳು.

ಆಮೇಲಿನ ದಿನಗಳು ಚೆನ್ನಾಗಿದ್ದವು. ನಾನು ಕೆಲಸದಿಂದ ಬರುವಷ್ಟರಲ್ಲಿ ಅಡಿಗೆ ಮುಗಿಸಿ ಅಕ್ಕ ಲ್ಯಾಪ್‌ಟಾಪಿಗೆ ಕಾಯುತ್ತಿದ್ದಳು. ಪರದೆಯಲ್ಲಿ ಸೊಸೆ ಟೊಮೆಟೊ ಕೊಯ್ಯುತ್ತಿದ್ದಳು. ಅತ್ತೆ ಸಿಡುಕುತ್ತಾ ಗಿಡಕ್ಕೆ ನೀರು ಹಾಕುತ್ತಿದ್ದಳು, ಒಮ್ಮೊಮ್ಮೆ ಕಾರಣವಿಲ್ಲದೆ ಕಸದ ಡಬ್ಬಿಗೆ ಒದೆಯುತ್ತಿದ್ದಳು. ಅದನ್ನು ನೋಡಿ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ಆ ಓಣಿಯ ಆಕಾಶ ನೀಲಿಯಾಗಿತ್ತು. ಚಂದದ ಮನೆ ಎಂದು ನಾನು ನನ್ನ ಫೋನಿನಲ್ಲಿ ನಾಲ್ಕೈದು ಫೋಟೋ ತೆಗೆದುಕೊಂಡೆ.

ಒಂದು ಭಾನುವಾರ ಮಧ್ಯಾಹ್ನ ನಾನು ಬಟ್ಟೆ ಮಡಚುತ್ತಿದ್ದೆ. ಅಕ್ಕ ರೊಟ್ಟಿಗೆ ಹಿಟ್ಟು ಕಲೆಸಿಟ್ಟು ಬಂದು ಆಡುತ್ತಿದ್ದಳು. "ತಂಗೀ, ಇವರಿಗೇನಾಯ್ತ ನೋಡ ಬಾ" ಎಂದು ಕರೆದಳು. ದನಿ ಬೇರೆಯಾಗಿತ್ತು.

ಪರದೆಯಲ್ಲಿ ಮುದುಕಿ ಪಲ್ಯದ ಮಡಿಯ ಪಕ್ಕ ಎದೆ ಹಿಡಿದುಕೊಂಡು ನಿಂತಿದ್ದಳು. ನೀರಿನ ಝಾರಿ ನೆಲಕ್ಕೆ ಬಿತ್ತು. ಅವಳು ನಿಧಾನವಾಗಿ ಕುಸಿದಳು. ಸೊಸೆ ಮನೆಯೊಳಗಿಂದ ತಾನಾಗಿ ಓಡಿ ಬಂದು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅಳತೊಡಗಿದಳು. ಕರಿ ನಿಲುವಂಗಿಯ ಒಂದು ಆಕೃತಿ ಅಂಗಳದಲ್ಲಿ ಮೂಡಿ, ಮರದ ಕೆಳಗೆ ನಿಂತುಕೊಂಡಿತು. ಆಟದಲ್ಲಿ ಮುದುಕರಿಗೆ ವಯಸ್ಸು ತುಂಬಿದರೆ ಹಾಗೆ ಆಗುತ್ತದೆ. ಮನೆಯಷ್ಟನ್ನೇ ಕಟ್ಟಿ ಬಿಡುತ್ತಿದ್ದ ನಾನು ಅಷ್ಟು ದೂರ ಯಾವತ್ತೂ ಆಡಿರಲಿಲ್ಲ, ಹಾಗಾಗಿ ಅವಳಿಗೆ ಹೇಳಲೂ ಇಲ್ಲ.

"ಬಂದ್ ಮಾಡು!" ಅಕ್ಕ ಕುರ್ಚಿಯಿಂದ ಎದ್ದಳು. "ತಂಗೀ, ಬಂದ್ ಮಾಡು ಅದಕ್ಕ!"

ನಾನು ಮುಚ್ಚಿದೆ. ಅಕ್ಕ ನೆಲದ ಮೇಲೆ ಕೂತಳು. ಭಾವನನ್ನು ಮಣ್ಣು ಮಾಡಿದ ದಿನ ಕೂಡ ಅವಳು ಅತ್ತಿರಲಿಲ್ಲ. ಕಲ್ಲಿನ ಹಾಗೆ ಕೂತಿದ್ದಳು ಎಂದು ಎಲ್ಲರೂ ಹೇಳಿದ್ದರು. ಈಗ ಅವಳು ಎರಡೂ ಕೈಯಲ್ಲಿ ಮುಖ ಹಿಡಿದುಕೊಂಡು, ದೊಡ್ಡ ದನಿ ತೆಗೆದು ಅತ್ತಳು. ಕೆಳಗಿನ ಮನೆಯವರು ಬಂದು ಬಾಗಿಲು ಬಡಿದರು. ಏನಿಲ್ಲ ಎಂದು ಹೇಳಿ ಕಳಿಸಿದೆ. ಅಕ್ಕನ ಪಕ್ಕ ಕೂತೆ. ಬೆನ್ನು ಸವರಿದೆ.

ಸ್ವಲ್ಪ ತಣ್ಣಗಾದ ಮೇಲೆ ಹೇಳಿದೆ, "ಅಕ್ಕಾ, ನಾ ಅದನ್ನ ಸೇವ್ ಮಾಡಿಲ್ಲ. ಮತ್ತ ತೆಗದ್ರ ನಿನ್ನೆ ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದಲೇ ಸುರು ಆಗ್ತದ. ಅತ್ತಿ ಇರ್ತಾರ."

"ಇಲ್ಲಿ ಇರ್ತಾರ" ಅಂದಳು ಅವಳು. "ಅಲ್ಲಿ?"

ಅವಳು ಎದ್ದು ನಿಂತಳು.

"ನಡಿ, ಕಲ್ಯಾಣಕ್ಕ ಹೋಗೂಣು."

"ಈಗ? ಮೊದಲ ಒಂದ ಫೋನ್ ಮಾಡು."

"ಫೋನಿನ್ಯಾಗ ಆರಾಮ ಅದೀನಿ ಅಂತಾರ. ಎಲ್ಲಾರೂ ಹಂಗೇ ಅಂತಾರ."

ಮುಖ ತೊಳೆದುಕೊಂಡು ಉಟ್ಟ ಸೀರೆಯಲ್ಲೇ ಹೊರಟಳು. ಬಸ್ ಸ್ಟ್ಯಾಂಡಿನಲ್ಲಿ ಕಲ್ಯಾಣದ ಬಸ್ಸು ತುಂಬಿತ್ತು. ಅಕ್ಕನಿಗೆ ಒಬ್ಬ ಹೆಂಗಸು ಜರುಗಿ ಜಾಗ ಕೊಟ್ಟಳು, ನಾನು ನಿಂತೆ. ರಾಜೇಶ್ವರ ದಾಟಿ ಹೆದ್ದಾರಿಯಲ್ಲಿ ಬಸ್ಸು ಓಡುವಾಗ ಎರಡೂ ಕಡೆ ತೊಗರಿ ಹೂ ಬಿಟ್ಟು ನಿಂತಿತ್ತು. ಅಕ್ಕ ಅದನ್ನು ನೋಡಲಿಲ್ಲ. ಮುಂದಿನ ಸೀಟಿನ ಕಂಬಿ ಹಿಡಿದು ಕೂತಿದ್ದಳು. ಹೋಗಿ ಏನು ಹೇಳುತ್ತಾಳೆ, ಅವರು ಏನು ಅನ್ನುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ. ‘ಇಷ್ಟು ದಿನ ಎಲ್ಲಿದ್ದಿ’ ಅಂದುಬಿಟ್ಟರೆ?

ಮನೆ ಕೋಟೆಯ ಕಡೆಯ ಹಳೆ ಓಣಿಯಲ್ಲಿ. ಬಾಗಿಲು ತೆರೆದೇ ಇತ್ತು. ಅತ್ತೆ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದರು. ನಮ್ಮನ್ನು ನೋಡಿ ಅವರ ಕೈ ನಿಂತಿತು. ಅಕ್ಕನ ಕೆಂಪು ಕಣ್ಣು ನೋಡಿ ಅವರಿಗೆ ಗಾಬರಿಯಾಯಿತು.

"ಯಾಕ ಯವ್ವಾ? ಏನಾಯ್ತು? ನಿಮ್ಮವ್ವ ಆರಾಮ ಅದಾಳಿಲ್ಲ?"

ಅಕ್ಕ ಹೊಸಲಿನ ಮೇಲೇ ನಿಂತುಬಿಟ್ಟಳು. ನಾನೇ ಹೇಳಬೇಕಾಯಿತು. "ಅವ್ವ ಆರಾಮ ಅದಾಳ್ರಿ. ಎಲ್ಲಾರೂ ಆರಾಮ ಅದಾರ. ಕಂಪ್ಯೂಟರಿನ್ಯಾಗ ಒಂದ ಆಟ ಅದ್ರಿ. ಅದರಾಗ ಅಕ್ಕ ಮನಿ ಕಟ್ಯಾಳ. ಆ ಮನ್ಯಾಗ ನಿಮಗ ಇಟ್ಟಿದ್ದಳು. ಇವತ್ತ ಅಲ್ಲಿ ನೀವು..." ಎಂದು ತಡವರಿಸಿದೆ.

"ನಾ ಏನಾದೆ?"

"ತೀರಿಕೊಂಡ್ರಿ."

ಅತ್ತೆ ನನ್ನ ಮುಖ ನೋಡಿದರು, ಅಕ್ಕನ ಮುಖ ನೋಡಿದರು. "ಸತ್ತೆನ? ಹ್ಯಾಂಗ?"

"ಗಿಡಕ್ಕ ನೀರ ಹಾಕಾಕತ್ತಾಗ್ರಿ."

"ಹಾಸಿಗಿ ಹಿಡೀಲಿಲ್ಲ?"

"ಇಲ್ರಿ."

"ಚಲೋ ಆಯ್ತು ಬಿಡು, ಅಂಥಾ ಸಾವು ಯಾರಿಗೆ ಸಿಗ್ತದ" ಎಂದು ಅವರು ನಗತೊಡಗಿದರು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕರು. ನಗುತ್ತಲೇ ಅಕ್ಕನ ಕಡೆ ಕೈ ಚಾಚಿದರು. ಅಕ್ಕ ಹೋಗಿ ಅವರ ತೊಡೆಯ ಮೇಲೆ ತಲೆ ಇಟ್ಟಳು. ಮೆಂತೆ ಸೊಪ್ಪು ಚೆಲ್ಲಾಪಿಲ್ಲಿಯಾಯಿತು. ಆಮೇಲೆ ನಗು ಎಲ್ಲಿ ನಿಂತಿತೋ ಗೊತ್ತಿಲ್ಲ, ಇಬ್ಬರೂ ಅಳುತ್ತಿದ್ದರು. ಒಳಗಿನಿಂದ ಬಂದ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ, ಬಾಗಿಲಲ್ಲೇ ನಿಂತು ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಸುಮ್ಮನೆ ಚಹಾ ಇಡಲು ಹೋದಳು.

"ನೀವು ನನಗ ತಡೀಲೇ ಇಲ್ಲ ಅತ್ತಿ" ಎಂದಳು ಅಕ್ಕ. ತೊಡೆಯಿಂದ ತಲೆ ಎತ್ತಿರಲಿಲ್ಲ.

"ಹ್ಯಾಂಗ ತಡೀಲಿ? ನಿನಗೇನ ವಯಸ್ಸಾಗ್ಯಾದ? ನಾ ತಡದ್ರ ನೀ ನಿಂತುಬಿಡಾಕಿ, ಗೊತ್ತಿತ್ತು ನನಗ. ಮಗ ಅಂತೂ ಹೋದ. ನಿನಗೂ ಈ ಮನ್ಯಾಗ ನನ್ನ ಕಾಲ ಒತ್ತಾಕ ಕುಂದ್ರಿಸಲೇನ? ಬ್ಯಾರೆ ಏನಾರ ಆದೀತು ನಿನ್ನ ಬದುಕು ಅಂತ ಸುಮ್ಮನಿದ್ದೆ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಬಾಯಿ ತೆಗದಿದ್ರ ಹೋಗಬ್ಯಾಡ ಅಂತೇ ಬರ್ತಿತ್ತು. ಅದಕ್ಕ ಒಳಗ ಹೋದೆ."

ಚಹಾ ಬಂತು. ಕುಡಿಯುತ್ತಾ ಅತ್ತೆ, "ತೋರಸು ಆ ಮನಿ" ಎಂದು ನನ್ನನ್ನು ಕೇಳಿದರು. ಫೋನಿನ ಫೋಟೋ ತೆಗೆದು ಕೊಟ್ಟೆ. ಅವರು ತೋಳು ಉದ್ದ ಮಾಡಿ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿದರು. ಎಲ್ಲಿ ಬಚ್ಚಲು, ಎಲ್ಲಿ ಒಲೆ, ನೀರು ಎಲ್ಲಿ ಹೋಗುತ್ತದೆ ಎಂದು ಒಂದೊಂದೇ ಕೇಳಿದರು. ಅಕ್ಕ ಬೆರಳಿಟ್ಟು ತೋರಿಸಿದಳು. ತಗ್ಗಿನ ಕಿಟಕಿಯ ಮೇಲೆ ಅವರ ಬೆರಳು ನಿಂತಿತು.

"ಇದು ನನಗ ಇಟ್ಟಿಯೇನ?"

"ಹೌದ್ರಿ."

ಅವರು ಫೋನನ್ನು ಮಡಿಲಲ್ಲಿ ಇಟ್ಟುಕೊಂಡು ಹಿತ್ತಿಲ ಕಡೆ ನೋಡುತ್ತಾ ಕೂತರು. ಆಮೇಲೆ ಅಂದರು, "ಬರೋಬ್ಬರಿ ನಮ್ಮ ಕೊಟ್ಟಿಗಿಯಷ್ಟ ಅದ ಇದು."

ಆ ಕೊಟ್ಟಿಗೆ ನಾನು ಮೊದಲೂ ನೋಡಿದ್ದೆ. ದನ ಮಾರಿ ಬಹಳ ವರ್ಷವಾಗಿತ್ತು. ಹಿತ್ತಿಲಲ್ಲಿ ಬೇವಿನ ಮರದ ಆಚೆ ಮೂರು ಕಡೆ ದಪ್ಪ ಕಲ್ಲಿನ ಗೋಡೆ, ಮೇಲೆ ತುಕ್ಕು ಹಿಡಿದ ತಗಡಿನ ಪತ್ರಾ, ಒಳಗೆ ಅಂಗಡಿಯ ಖಾಲಿ ಡಬ್ಬಿ, ಮುರಿದ ತಕ್ಕಡಿ, ಹಳೆ ಸೈಕಲ್ಲು. ಅತ್ತೆ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಅವತ್ತು ಸಂಜೆ ಮೈದುನ ಅಂಗಡಿಯಿಂದ ಬಂದ ಕೂಡಲೇ ಮಾತು ತೆಗೆದರು. ಕೊಟ್ಟಿಗೆ ಖಾಲಿ ಮಾಡಿಸು, ಸೊಸೆಗೆ ಮನೆ ಮಾಡಬೇಕು.

ಮೈದುನ ಒಳ್ಳೆಯವರು, ಆದರೆ ಮುಖ ಸಪ್ಪೆಯಾಯಿತು. "ಅವ್ವಾ, ವೈನಿ ಬರ್ಲಿ, ಇದು ಅವರ ಮನಿನೇ. ಮ್ಯಾಲಿನ ಕ್ವಾಣಿ ಕೊಡ್ತೇನಿ. ಆದ್ರ ಕೊಟ್ಟಿಗ್ಯಾಗ? ಅಣ್ಣ ಹೋಗಿದ್ದಕ್ಕ ಅಣ್ಣನ ಹೆಂಡತಿಗಿ ದನದ ಕೊಟ್ಟಿಗ್ಯಾಗ ಇಟ್ಟಾನ ಅಂತ ಮಂದಿ ಅಂತಾರ. ಅಂಗಡ್ಯಾಗ ನಾ ಹ್ಯಾಂಗ ಕುಂದ್ರಲಿ?"

"ನಾನೂ ಅಲ್ಲೇ ಇರ್ತೇನಿ. ಆವಾಗ ಮಂದಿ ಏನಂತಾರ ನೋಡೂಣು."

"ಹಂಗಾದ್ರ ಅವ್ವಗೂ ಕೊಟ್ಟಿಗಿಗೆ ಹಾಕಿದ ಅಂತಾರ!"

ಎಲ್ಲರೂ ನಕ್ಕುಬಿಟ್ಟೆವು. ಮೈದುನ ತಾವೂ ನಕ್ಕರು. ಆದರೆ ಒಪ್ಪಲಿಲ್ಲ. ಆಗ ಅಕ್ಕ ಮಾತಾಡಿದಳು. ಮೆಲ್ಲಗೆ, ಆದರೆ ನಿಂತು. "ಮೈದನ್ರೆ, ಮ್ಯಾಲಿನ ಕ್ವಾಣ್ಯಾಗ ಅವರು ಇದ್ರು, ನಾನೂ ಇದ್ದೆ. ಅಲ್ಲಿ ನನಗ ಮಲಗಾಕ ಆಗಂಗಿಲ್ಲ. ಇದು ನಾ ಮಾಡಿದ್ದ ಮನಿ. ಒಮ್ಮೆ ಮಾಡಿ ನೋಡೂಣ್ರಿ. ಮಂದಿ ಬಂದ ನೋಡಿದ ಮ್ಯಾಲ ಕೊಟ್ಟಿಗಿ ಅನ್ನಂಗಿಲ್ಲ."

ಮೈದುನ ಅತ್ತ ತಿರುಗಿ ತಮ್ಮ ಹೆಂಡತಿಯನ್ನು ನೋಡಿದರು. ನೆಗೆಣ್ಣಿ ಮೊದಲ ಬಾರಿಗೆ ಬಾಯಿ ಬಿಟ್ಟಳು. "ಅಕ್ಕ ಬರ್ತೇನಿ ಅಂತ ಅಂದ್ರಲ್ಲ. ಅದ ದೊಡ್ಡದು."

ಅಲ್ಲಿಂದ ಮುಂದೆ ಕೆಲಸ ನಿಧಾನವಾಗಿ ನಡೆಯಿತು. ಗೌಂಡಿ ಬಂದು ನೋಡಿ, ಗೋಡೆ ಕೆಡವಿ ಸಿಮೆಂಟ್ ಇಟ್ಟಿಗೆಯಲ್ಲಿ ಹೊಸದಾಗಿ ಎಬ್ಬಿಸೋಣ, ಕೆಲಸ ಜಲ್ದಿ ಆಗುತ್ತದೆ ಎಂದ. ಮುಂದಿನ ಭಾನುವಾರ ನಾನು ಲ್ಯಾಪ್‌ಟಾಪು ಹೊತ್ತುಕೊಂಡು ಹೋದೆ. ಅಕ್ಕ ಅಂಗಳದ ಕಟ್ಟೆಯ ಮೇಲೆ ಅದನ್ನು ಇಟ್ಟು ಅವನಿಗೆ ಮನೆಯನ್ನು ಸುತ್ತಲೂ ತಿರುಗಿಸಿ ತೋರಿಸಿದಳು, ಛಾವಣಿ ತೆಗೆದು ಒಳಗೆ ತೋರಿಸಿದಳು. ಅವನು "ಇದು ಚಲೋ ಅದ, ನನ್ನ ಮಗಗೂ ಕಲಿಸ್ರಿ" ಎಂದು ನಕ್ಕ. ಆಮೇಲೆ ಗಂಭೀರವಾಗಿ ಚರ್ಚೆ ಮಾಡಿದ. ಕಲ್ಲಿನ ಗೋಡೆ ಉಳಿಯಲಿ, ಸಂದಿಗೆ ಸುಣ್ಣ ಮೆತ್ತೋಣ ಎನ್ನುವುದಕ್ಕೆ ಒಪ್ಪಿದ. ಮಣ್ಣಿನ ಮಾಳಿಗೆಗೆ ಒಪ್ಪಲಿಲ್ಲ, ಸೋರಿದರೆ ತನ್ನ ಹೆಸರು ಕೆಡುತ್ತದೆ ಎಂದ. ಅಕ್ಕ ಸೋತಳು. ಕೊನೆಗೆ ಗರ್ಡರ್ ಮೇಲೆ ಶಹಾಬಾದಿನ ಫರಸಿ ಕಲ್ಲು ಹಾಸಿ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಹಾಕಿ, ಬಿಳಿ ಬಳಿಯುವುದು ಎಂದಾಯಿತು. ಫರಸಿ ಒಂದಷ್ಟು ಹಿತ್ತಿಲಲ್ಲೇ ಬಿದ್ದಿತ್ತು. ಬಾಗಿಲು ಭಾವನ ಅಜ್ಜನ ಕಾಲದ್ದು, ಅಟ್ಟದಲ್ಲಿ ಇತ್ತು.

ಆಟದಲ್ಲಿ ಒಂದು ಮನೆ ಎಬ್ಬಿಸಲು ಒಂದು ಸಂಜೆ ಸಾಕು. ಇಲ್ಲಿ ಕಿಟಕಿಗೆ ಗೋಡೆ ಒಡೆಯುವುದಕ್ಕೇ ಒಂದು ವಾರ ಹಿಡಿಯಿತು. ಗಾಳಿಯ ಫ್ಯಾನು ಆಗಲಿಲ್ಲ. ಬೇವಿನ ಬೇರು ಅಡ್ಡ ಬಂದು ಬಚ್ಚಲು ಆಚೆ ಸರಿಯಿತು. ಆದರೆ ಬಚ್ಚಲ ನೀರು ಬಾಳೆಗೆ ಹೋಯಿತು. ಛಾವಣಿಯ ನೀರು ಪೈಪಿನಲ್ಲಿ ಇಳಿದು, ಮುಚ್ಚಿಟ್ಟಿದ್ದ ಹಳೆ ಬಾವಿಗೆ ಹೋಯಿತು. ಎರಡು ದೀಪ, ಒಂದು ಫ್ಯಾನಿಗೆ ಆಗುವಷ್ಟು ಸಣ್ಣ ಸೋಲಾರ್ ಫಲಕ ಛಾವಣಿಯ ಮೇಲೆ ಕೂತಿತು. ಅದನ್ನು ಮೈದುನ ಯಾರಿಗೂ ಹೇಳದೆ ಬೀದರಿನಿಂದ ತಂದಿದ್ದರು. ಮನೆ ನೋಡಿದ ಓಣಿಯವರು ಮೊದಲು ಏನೇನೋ ಅಂದರು. ಆಮೇಲೆ ಬೇಸಿಗೆಯ ಮಧ್ಯಾಹ್ನ ತಣ್ಣಗಿದೆ ಎಂದು ಬಂದು ಕೂರತೊಡಗಿದರು. ಅಕ್ಕ ಹೊಲಿಗೆ ಯಂತ್ರ ಇಟ್ಟುಕೊಂಡಳು, ಬ್ಲೌಸು ಹೊಲಿಸಲು ಬಂದವರೂ ಅಲ್ಲೇ ಕೂರುತ್ತಾರೆ. ಅತ್ತೆ ಬೆಳಿಗ್ಗೆ ಅಕ್ಕನ ಮನೆಯಲ್ಲಿ, ಮಧ್ಯಾಹ್ನದ ಊಟಕ್ಕೆ ಆಚೆ ದೊಡ್ಡ ಮನೆಯಲ್ಲಿ. ಇಬ್ಬರು ಸೊಸೆಯರಲ್ಲಿ ಒಬ್ಬಳಿಗೂ ಬೇಜಾರಾಗಬಾರದು ಎಂದು ಅವರೇ ಮಾಡಿಕೊಂಡ ಏರ್ಪಾಡು.

ನನ್ನ ಮನೆ ಮತ್ತೆ ಬಿಕೋ ಎನ್ನತೊಡಗಿತು. ಅದನ್ನು ಹೇಳದೆ ಇರಲಾರೆ. ರೊಟ್ಟಿ ತಣ್ಣಗಾಯಿತು, ಸಂಜೆ ಉದ್ದವಾಯಿತು. ರಜೆ ಸಿಕ್ಕಾಗಲೆಲ್ಲ ಕಲ್ಯಾಣದ ಬಸ್ಸು ಹತ್ತುತ್ತೇನೆ.

ಈ ಬೇಸಿಗೆಯಲ್ಲಿ ಒಂದು ಶನಿವಾರ ಹೋದೆ. ಓಣಿ ತಿರುಗುವಾಗಲೇ ಅಕ್ಕನ ದನಿ ಕೇಳಿಸಿತು. ಬೈಯುತ್ತಿದ್ದಳು. ಸಂಜೆಯಾಗಿತ್ತು, ಅವಳ ಮನೆಯಲ್ಲಿ ದೀಪ ಇರಲಿಲ್ಲ. ಹಿತ್ತಿಲ ಬಾಗಿಲಿನಿಂದ ಇಣುಕಿದರೆ, ಮೈದುನ ಏಣಿ ಹತ್ತಿ ಛಾವಣಿಯ ಮೇಲಿನಿಂದ ಬುಟ್ಟಿಯಲ್ಲಿ ಏನೋ ಇಳಿಸುತ್ತಿದ್ದರು. ನೆಗೆಣ್ಣಿ ಕೆಳಗೆ ನಿಂತು ಬುಟ್ಟಿ ಹಿಡಿಯುತ್ತಾ ನಗು ತಡೆಯಲು ಒದ್ದಾಡುತ್ತಿದ್ದಳು. ಸಂಡಿಗೆ. ಅತ್ತೆ ಮಗನ ಕೈಲಿ ಬೆಳಿಗ್ಗೆಯೇ ಸೋಲಾರ್ ಫಲಕದ ತುಂಬ ಬಟ್ಟೆ ಹಾಸಿಸಿ, ಅದರ ಮೇಲೆ ಸಂಡಿಗೆ ಒಣ ಹಾಕಿಸಿದ್ದರು.

"ಕರೆಂಟ ಹ್ಯಾಂಗ ಬರ್ತದ್ರಿ ಅತ್ತಿ? ಪೂರಾ ದಿನಾ ಮುಚ್ಚಿಟ್ಟೀರಿ! ಮಷೀನಿನ ಮುಂದ ದೀಪ ಇಲ್ಲ, ನಾಳೆ ಕೊಡಬೇಕಾದ್ದ ಬ್ಲೌಸ್ ಹಂಗೇ ಬಿದ್ದಾವ!"

ಅತ್ತೆ ಕಟ್ಟೆಯ ಮೇಲೆ ಕೂತು ಒಂದಿಷ್ಟೂ ಜಗ್ಗಲಿಲ್ಲ. "ಮನ್ಯಾಗೆಲ್ಲ ಚಲೋ ಬಿಸಲ ಅಲ್ಲೇ ಬೀಳ್ತದಂತ ನೀನೇ ಹೇಳಿದಿ. ಮ್ಯಾಲ ಆಡು ಬರಂಗಿಲ್ಲ, ಕೋಳಿ ಹತ್ತಂಗಿಲ್ಲ. ಒಂದ ದಿನಕ್ಕ ಹ್ಯಾಂಗ ಒಣಗ್ಯಾವ ನೋಡ ಬಾ."

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡು ಇನ್ನೂ ಏನೋ ಹೇಳುತ್ತಲೇ ಇದ್ದಳು. ನಾನು ಕೂಡಲೇ ಒಳಗೆ ಹೋಗಲಿಲ್ಲ. ಕೈಚೀಲ ಕೆಳಗಿಟ್ಟು, ಗೋಡೆಗೆ ಒರಗಿ, ಅವಳು ಬೈಯುವುದನ್ನು ಕೇಳುತ್ತಾ ಸ್ವಲ್ಪ ಹೊತ್ತು ಅಲ್ಲೇ ನಿಂತೆ.